ಬೀಗ ಒಡೆಯುವ ಅಧಿಕಾರ ಯಾರದು?

ಮೈಸೂರಿನ ನಿವೃತ್ತ ಶಿಕ್ಷಕಿಯೊಬ್ಬರು ಬರೆದ ಪತ್ರದ ಸಾರ: ಹನ್ನೊಂದು ತಿಂಗಳ ಕರಾರಿನ ಮೇಲೆ ಮಹಡಿ ಮನೆಯನ್ನು 14,000 ರೂಪಾಯಿ ಬಾಡಿಗೆಗೆ ಕೊಟ್ಟಿದ್ದೆ. ಕರಾರು ಮುಗಿದು ಎರಡು ವರ್ಷವಾದರೂ ಬಾಡಿಗೆ ಬರುತ್ತಿತ್ತು, ಪಡೆಯುತ್ತಿದ್ದೆ. ಈಗ ಆರು ತಿಂಗಳಿಂದ ಬಾಡಿಗೆಯೂ ಇಲ್ಲ, ಮನೆಯನ್ನೂ ಬಿಡುತ್ತಿಲ್ಲ. ಅವರು ಊರಿಗೆ ಹೋದಾಗ ಬೀಗ ಬದಲಾಯಿಸಿಬಿಡಿ ಎಂದು ನೆಂಟರು ಹೇಳುತ್ತಾರೆ. ನನ್ನ ಮನೆಗೆ ನಾನೇ ಬೀಗ ಹಾಕಿದರೆ ತಪ್ಪೇನು?

ಸಂಪಾದಕರ ಉತ್ತರ:

ಮಾನ್ಯರೆ, ಪಿಂಚಣಿಯ ಜೊತೆಗೆ ಆ ಬಾಡಿಗೆಯನ್ನೂ ನಂಬಿರುವ ನಿಮ್ಮ ಸಂಕಟ ಅರ್ಥವಾಗುತ್ತದೆ. ಆದರೂ ದಯವಿಟ್ಟು ಬೀಗಕ್ಕೆ ಕೈ ಹಾಕಬೇಡಿ. ಮನೆ ನಿಮ್ಮದು, ಸ್ವಾಧೀನ ಅವರದು. ಕಾನೂನು ಇವೆರಡನ್ನೂ ಬೇರೆ ಬೇರೆಯಾಗಿ ನೋಡುತ್ತದೆ. ಕಾನೂನಿನ ಕ್ರಮ ಬಿಟ್ಟು ಹೊರಹಾಕಲ್ಪಟ್ಟವರು 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಮಿನಡಿ ಆರು ತಿಂಗಳೊಳಗೆ ದಾವೆ ಹೂಡಿ ಸ್ವಾಧೀನವನ್ನು ಮರಳಿ ಪಡೆಯಬಹುದು, ಮತ್ತು ಆ ದಾವೆಯಲ್ಲಿ ನಿಮ್ಮ ಕ್ರಯಪತ್ರ ನಿಮ್ಮ ನೆರವಿಗೆ ಬರುವುದಿಲ್ಲ. ಇಂದು ಬಾಕಿದಾರರಾಗಿರುವವರು ನಾಳೆ ಫಿರ್ಯಾದಿಯಾಗುತ್ತಾರೆ. ನಮ್ಮ ಬೀದಿಯಲ್ಲೇ ಹೀಗೊಮ್ಮೆ ಬೀಗ ಬಿದ್ದಾಗ, ಬಾಡಿಗೆದಾರರ ಮಗಳ ಎಸ್ಸೆಸ್ಸೆಲ್ಸಿ ಪ್ರವೇಶಪತ್ರ ಒಳಗೇ ಉಳಿದಿತ್ತು. ಆ ಹುಡುಗಿ ಮೆಟ್ಟಿಲ ಮೇಲೆ ಕುಳಿತಿದ್ದುದನ್ನು ನಾನು ಮರೆತಿಲ್ಲ. ನೀರು, ಕರೆಂಟ್ ನಿಲ್ಲಿಸುವ ಸಲಹೆ ಯಾರಾದರೂ ಕೊಟ್ಟರೆ ಅದಕ್ಕೂ ಇದೇ ಉತ್ತರ.

1999ರ ಕರ್ನಾಟಕ ಬಾಡಿಗೆ ಕಾಯ್ದೆ ತಿಂಗಳ ಬಾಡಿಗೆಗೆ ಪ್ರದೇಶಕ್ಕೆ ತಕ್ಕಂತೆ 3,500 ಅಥವಾ 2,000 ರೂಪಾಯಿಯ ಮಿತಿಯನ್ನು ಇಟ್ಟಿರುವುದರಿಂದ, ನಿಮ್ಮಂಥ ಮನೆಗಳು ಸಾಮಾನ್ಯವಾಗಿ ಅದರ ಹೊರಗುಳಿದು 1882ರ ಸ್ವತ್ತು ವರ್ಗಾವಣೆ ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ. ಕರಾರು ಮುಗಿದ ಮೇಲೂ ನೀವು ಬಾಡಿಗೆ ಪಡೆದದ್ದರಿಂದ ಅದು ತಿಂಗಳ ಬಾಡಿಗೆಯಾಗಿ ಮುಂದುವರಿದಿದೆ. ಕರಾರಿನಲ್ಲಿ ಬೇರೆ ಷರತ್ತು ಇಲ್ಲದಿದ್ದರೆ, ಅದನ್ನು ಕೊನೆಗೊಳಿಸಲು 106ನೇ ಕಲಮಿನ ಪ್ರಕಾರ 15 ದಿನಗಳ ಲಿಖಿತ ನೋಟಿಸ್ ಬೇಕು. ನಿಮ್ಮ ಇಡೀ ಪ್ರಕರಣ ನಿಲ್ಲುವುದು ಈ ಕಾಗದದ ಮೇಲೆ. ವಕೀಲರ ಮೂಲಕ, ನೋಂದಣಿ ಮತ್ತು ಸ್ವೀಕೃತಿ ಸೌಲಭ್ಯದೊಂದಿಗೆ ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿ. ರಸೀದಿಯನ್ನೂ, ಸಹಿಯಾಗಿ ಬಂದ ಸ್ವೀಕೃತಿಯನ್ನೂ ಜೋಪಾನ ಮಾಡಿ. ‘ಸ್ವೀಕರಿಸಲು ನಿರಾಕರಿಸಿದ್ದಾರೆ’ ಎಂಬ ಷರಾದೊಂದಿಗೆ ಲಕೋಟೆ ಮರಳಿದರೆ ಬೇಸರಪಡಬೇಡಿ, ಕುತೂಹಲಕ್ಕೂ ಒಡೆಯಬೇಡಿ. ಅಂಟು ಬಿಚ್ಚದ ಆ ಲಕೋಟೆಯೇ ಸಾಕ್ಷ್ಯ. ನೋಟಿಸಿನ ನಂತರ ಅವರು ಹಣ ಕೊಟ್ಟರೆ ವಕೀಲರನ್ನು ಕೇಳದೆ ಬಾಡಿಗೆಯೆಂದು ರಸೀದಿ ಬರೆಯಬೇಡಿ, ಏಕೆಂದರೆ ನೀವು ನೋಟಿಸನ್ನೇ ಕೈಬಿಟ್ಟಿರಿ ಎಂಬ ವಾದಕ್ಕೆ ಅದು ದಾರಿಯಾಗುತ್ತದೆ.

ಗಡುವು ಮುಗಿದರೂ ಮನೆ ಬಿಡದಿದ್ದರೆ ತೆರವಿನ ದಾವೆ ಹೂಡಿ, ಬಾಕಿಯನ್ನೂ, ಮನೆ ಬಿಡುವವರೆಗಿನ ನಷ್ಟಪರಿಹಾರವನ್ನೂ ಅದರಲ್ಲೇ ಕೇಳಿ. ಡಿಕ್ರಿ, ಅಂದರೆ ತೀರ್ಪಿನ ಆದೇಶ, ಆದ ಮೇಲೂ ಅವರು ಹೋಗದಿದ್ದರೆ ಅದನ್ನು ಜಾರಿಗೆ ತರಲು ಅಮಲ್ಜಾರಿ ಅರ್ಜಿ ಸಲ್ಲಿಸಬೇಕು. ಆಗ ನ್ಯಾಯಾಲಯದ ವಾರಂಟ್ ಹಿಡಿದು ಬರುವ ಅಲ್ಲಿನ ಸಿಬ್ಬಂದಿ, ಬೇಲಿಫ್, ಬೀಗ ತೆಗೆಯಬಹುದು, ಅಗತ್ಯ ಬಿದ್ದರೆ ಬಾಗಿಲನ್ನೇ ಒಡೆದು ಸ್ವಾಧೀನವನ್ನು ನಿಮಗೆ ಕೊಡಿಸಬಹುದು. ಇದು ನಿಧಾನದ ದಾರಿ, ಅದರಲ್ಲೂ ನಿಮ್ಮ ವಯಸ್ಸಿನವರಿಗೆ ಕಷ್ಟದ ದಾರಿ ಎಂಬುದನ್ನು ನಾನು ಮುಚ್ಚಿಡುವುದಿಲ್ಲ.

ಆದ್ದರಿಂದ ದಾವೆಯ ನಡುವೆ ಅವರು ಮೂರೋ ನಾಲ್ಕೋ ತಿಂಗಳ ಸಮಯ ಕೇಳಿದರೆ ಸಿಟ್ಟಿನಿಂದ ತಳ್ಳಿಹಾಕಬೇಡಿ. ಬಾಯಿಮಾತನ್ನು ಮಾತ್ರ ಒಪ್ಪಬೇಡಿ. ಮನೆ ಬಿಡುವ ತಾರೀಖನ್ನೂ, ಮುಂಗಡ ಹಣದ ಲೆಕ್ಕವನ್ನೂ ರಾಜಿ ಅರ್ಜಿಯಲ್ಲಿ ಬರೆಸಿ, ಅದರಂತೆ ಡಿಕ್ರಿ ಪಡೆಯಿರಿ. ಆ ತಾರೀಖು ತಪ್ಪಿದರೆ ಹೊಸದಾಗಿ ದಾವೆ ಹೂಡದೆ ನೇರವಾಗಿ ಅಮಲ್ಜಾರಿಗೆ ಹೋಗಬಹುದು.