ಭಿತರಕನಿಕಾಗೆ ಹೋಗೋದಾದರೆ ಮೊದಲು ಉಬ್ಬರ ಇಳಿತದ ಹೊತ್ತು ಕೇಳಿ

ಮುತ್ತೋಡಿ, ಕುದುರೆಮುಖ ಎಲ್ಲಾ ನೋಡಿಯಾಯ್ತು, ಈ ಸಲ ಕಡಲ ಪಕ್ಕದ ನ್ಯಾಷನಲ್ ಪಾರ್ಕ್ ನೋಡಬೇಕು, ಒಡಿಶಾದ ಭಿತರಕನಿಕಾಗೆ ವಯಸ್ಸಾದ ಅಪ್ಪ ಅಮ್ಮನ್ನ ಕರ್ಕೊಂಡು ಹೋಗಬಹುದಾ ಅಂತ ಕೇಳಿದ್ದೀರಿ. ನಾನೂ ಚಿಕ್ಕಮಗಳೂರಿನವನೇ. ಒಂದು ಜನವರಿಯಲ್ಲಿ ಅಮ್ಮನ ಜೊತೆ ಹೋಗಿದ್ದೆ. ಧಾರಾಳವಾಗಿ ಹೋಗಿ.

ಆದರೆ ನಮ್ಮ ಸಫಾರಿ ಲೆಕ್ಕ ಅಲ್ಲಿ ನಡೆಯಲ್ಲ. ಮುತ್ತೋಡಿ ಅಂದರೆ ಬೆಳಿಗ್ಗೆ ಬೇಗ ಎದ್ದು ಜೀಪು ಹತ್ತುವುದು, ಅಲ್ವಾ? ನಾವು ಅದೇ ಅಭ್ಯಾಸದಲ್ಲಿ ಮೊದಲ ದಿನ ಚಳಿಯಲ್ಲಿ ನಡುಗುತ್ತಾ ಮೊದಲ ದೋಣಿಗೇ ಹೋಗಿ ಕೂತೆವು, ಉಬ್ಬರದ ಹೊತ್ತು, ನೀರು ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬುಡ ಮುಚ್ಚಿ ನಿಂತಿತ್ತು, ಎರಡು ಗಂಟೆ ಸುತ್ತಿದರೂ ಕಂಡಿದ್ದು ಒಂದೆರಡು ಮೊಸಳೆಗಳ ಮೂಗಿನ ತುದಿ. 'ಇದಕ್ಕಿಂತ ಲಕ್ಕವಳ್ಳಿ ಹಿನ್ನೀರೇ ವಾಸಿ ಕಣೋ' ಅಂದರು ಅಮ್ಮ. ಮಧ್ಯಾಹ್ನ ಇಳಿತ ಶುರುವಾದ ಮೇಲೆ ಮತ್ತೆ ಹೋದೆವು. ಅದೇ ದಾರಿ. ಎರಡೂ ಕಡೆ ಕೆಸರಿನ ದಂಡೆ ಎದ್ದಿತ್ತು, ಅದರ ಮೇಲೆ ಸಾಲಾಗಿ ಮೊಸಳೆಗಳು, ಬಾಯಿ ತೆರೆದುಕೊಂಡು ಬಿಸಿಲಿಗೆ ಮೈ ಕಾಯಿಸುತ್ತಾ! ಚಳಿಗಾಲದಲ್ಲಿ ಅವಕ್ಕೆ ಮೈ ಬೆಚ್ಚಗಾಗಬೇಕು, ದಂಡೆ ಬೇಕು, ದಂಡೆ ಸಿಗುವುದು ನೀರು ಇಳಿದಾಗ ಮಾತ್ರ. ಈ ಹೊತ್ತು ದಿನಾ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತೆ, ಹಾಗಾಗಿ ನಿನ್ನೆ ಹೋದವರನ್ನ ಕೇಳಿದರೆ ಸಾಲದು, ದೋಣಿಯವರನ್ನೇ ಕೇಳಿ.

ರಂಗನತಿಟ್ಟಿನ ಮೊಸಳೆ ನೋಡಿದವರಿಗೆ ಇವು ಬೇರೆಯದೇ ಪ್ರಾಣಿ ಅನ್ನಿಸುತ್ತೆ. ಇವು ಉಪ್ಪುನೀರಿನ ಜಾತಿ, 20 ಅಡಿ ಮುಟ್ಟುವಂಥವೂ ಇವೆ. 1975ರಲ್ಲಿ ಪಾರ್ಕ್ ಒಳಗಿನ ಡಾಂಗಮಾಲ್‌ನಲ್ಲಿ ಮರಿ ಸಾಕಿ ಬಿಡುವ ಯೋಜನೆ ಶುರುವಾದಾಗ ನೂರರ ಆಸುಪಾಸಿನಲ್ಲಿದ್ದವು, ಈಗ 1,700ಕ್ಕಿಂತ ಜಾಸ್ತಿ. ಹಾಗಂತ ಬರೀ ಮೊಸಳೆ ಹುಡುಕುತ್ತಾ ಕೂರಬೇಡಿ. ಕಂದು ರೆಕ್ಕೆಯ ದೊಡ್ಡ ಮಿಂಚುಳ್ಳಿ ಅಲ್ಲಿದೆ, ನಮ್ಮ ಕಡೆ ಇಲ್ಲ. ಜಿಂಕೆ, ಉಡ ಸಿಕ್ಕೇ ಸಿಗುತ್ತವೆ.

ಕಡಲಾಮೆ ಸಿಗುತ್ತೆ ಅಂತ ಮನೆಯವರಿಗೆ ಆಸೆ ಹುಟ್ಟಿಸಬೇಡಿ. ಅವು ಮೊಟ್ಟೆ ಇಡುವ ಗಹೀರ್‌ಮಠ ಕಡಲಂಚು ಬೇರೆಯೇ, ಕಾಂಡ್ಲಾ ನಡುವಿನ ನೀರಿನ ಕವಲುಗಳಲ್ಲಿ ಸುತ್ತುವ ಈ ದೋಣಿಗಳು ಅಲ್ಲಿಗೆ ಹೋಗಲ್ಲ.

ಹಿರಿಯರಿಗೆ ಕಷ್ಟ ಇರೋದು ದೋಣಿಯಲ್ಲಲ್ಲ, ಹತ್ತಿ ಇಳಿಯೋದರಲ್ಲಿ. ನೀರು ಇಳಿದಾಗ ಕೆಳಗಿನ ಮೆಟ್ಟಿಲುಗಳಲ್ಲಿ ಕೆಸರು, ಜಾರುತ್ತೆ, ಹಿಡಿತ ಇರುವ ಚಪ್ಪಲಿ ಹಾಕಿಸಿ, ಕೈ ಹಿಡ್ಕೊಳ್ಳಿ. ರೈಲಿನಲ್ಲಿ ಹೋಗುವುದಾದರೆ ಭದ್ರಕ್‌ನಲ್ಲಿ ಇಳಿದು, ದೋಣಿ ಸಿಗುವ ಚಾಂದಬಾಲಿಗೆ ಕಾರು ಮಾಡಿ.

ಇನ್ನೊಂದು ವಿಷಯ, ಮೇ, ಜೂನ್, ಜುಲೈ ಮೂರು ತಿಂಗಳು ಮೊಸಳೆ ಗೂಡು ಕಟ್ಟುವ ಕಾಲ ಅಂತ ಪಾರ್ಕ್ ಮುಚ್ಚಿರುತ್ತೆ. ಮಕ್ಕಳ ಬೇಸಿಗೆ ರಜೆ ಅಂತ ಮೇ ತಿಂಗಳಿಗೆ ಟಿಕೆಟ್ ಮಾಡಿಸಿದ್ದರೆ ಈಗಲೇ ಕ್ಯಾನ್ಸಲ್ ಮಾಡಿ.