ಅಕ್ಕ-ತಂಗಿಗೆ ಒಂದೇ ರಾತ್ರಿ ಒಂದೇ ಕನಸು: ಒಂದು ಪ್ರತಿಕ್ರಿಯೆ

ನಿಮಗೂ ನಿಮ್ಮ ಅಕ್ಕನಿಗೂ ಒಂದೇ ರಾತ್ರಿ ಅಜ್ಜಿಯ ಮನೆಗೆ ನೀರು ನುಗ್ಗಿದಂತೆ ಕನಸು ಬಿದ್ದಿತೆಂದೂ, ಇದು ಬರಿಯ ಕಾಕತಾಳೀಯವೇ ಎಂದೂ ಕೇಳಿದ್ದೀರಿ. ಬರಿಯ ಕಾಕತಾಳೀಯವಲ್ಲದಿರಬಹುದು, ಆದರೆ ಅದಕ್ಕಾಗಿ ಅತೀಂದ್ರಿಯ ಶಕ್ತಿಯೇನೂ ಬೇಕಿಲ್ಲ. ಒಂದೇ ಮನೆಯಲ್ಲಿ ಬೆಳೆದವರ ನೆನಪುಗಳೂ ಆತಂಕಗಳೂ ಬಹುಪಾಲು ಒಂದೇ ಆಗಿರುತ್ತವೆ. ಹಿಂದಿನ ದಿನ ಇಬ್ಬರೂ ಮಳೆಯ ಸುದ್ದಿ ನೋಡಿದ್ದರೆ ಅಥವಾ ಫೋನಿನಲ್ಲಿ ಆ ಮನೆಯ ಮಾತು ಬಂದಿದ್ದರೆ, ಕನಸಿನ ಸಾಮಗ್ರಿ ಇಬ್ಬರಿಗೂ ಆಗಲೇ ದೊರೆತಂತಾಯಿತು. ನನ್ನ ದೃಷ್ಟಿಯಲ್ಲಿ ಅದಕ್ಕಿಂತ ಮುಖ್ಯವಾದುದು ಎದ್ದ ಮೇಲಿನ ಮಾತುಕತೆ: ಎಚ್ಚರವಾದ ಕೆಲವೇ ನಿಮಿಷಗಳಲ್ಲಿ ಕನಸಿನ ವಿವರಗಳು ಮಸುಕಾಗುವುದರಿಂದ, ಮೊದಲು ಹೇಳಿದವರ ವರ್ಣನೆಯು ಕೇಳಿದವರ ನೆನಪಿನ ಖಾಲಿ ಜಾಗಗಳನ್ನು ಅವರಿಗೇ ತಿಳಿಯದಂತೆ ತುಂಬಿಬಿಡುತ್ತದೆ.

ಇನ್ನು, ಹೊಂದಿಕೆಯಾಗದ ಕನಸುಗಳ ಲೆಕ್ಕವನ್ನು ಯಾರೂ ಇಡುವುದಿಲ್ಲ. 1932ರಲ್ಲಿ ಅಮೆರಿಕದ ವಿಮಾನಚಾಲಕ ಚಾರ್ಲ್ಸ್ ಲಿಂಡ್‌ಬರ್ಗ್ ಅವರ ಮಗುವಿನ ಅಪಹರಣವಾದಾಗ, ಹಾರ್ವರ್ಡ್‌ನ ಮನೋವಿಜ್ಞಾನಿ ಹೆನ್ರಿ ಮರ್ರಿ ಪತ್ರಿಕೆಯ ಮೂಲಕ ಜನರಿಂದ 1,300ಕ್ಕೂ ಹೆಚ್ಚು ಕನಸುಗಳನ್ನು ತರಿಸಿಕೊಂಡರು. ಆಮೇಲೆ ಮಗುವಿನ ಶವ ಮರಗಳ ನಡುವೆ ಹೂತ ಸ್ಥಿತಿಯಲ್ಲಿ ಸಿಕ್ಕಿತು; ಆದರೆ ಆ ಕನಸುಗಳಲ್ಲಿ ಮಗು ಸತ್ತಂತೆ ಕಂಡವು ಶೇಕಡ 5ರಷ್ಟು ಮಾತ್ರ. ಸಾವು, ಹೂತ ಜಾಗ, ಮರಗಳು, ಈ ಮೂರೂ ಇದ್ದವು ಕೇವಲ 4. ಆ ನಾಲ್ವರ ಕನಸುಗಳಷ್ಟೇ ಪ್ರಕಟವಾಗಿದ್ದರೆ ಪವಾಡವೆಂದೇ ತೋರುತ್ತಿತ್ತು.

ಮುಂದೆ ನೀವಿಬ್ಬರೂ ಎದ್ದೊಡನೆ, ಮಾತನಾಡುವ ಮೊದಲೇ, ಕನಸನ್ನು ಬೇರೆಬೇರೆಯಾಗಿ ದಿನಾಂಕ ಹಾಕಿ ಬರೆದಿಟ್ಟು, ಹೊಂದದವುಗಳನ್ನೂ ಸೇರಿಸಿಯೇ ತಾಳೆ ನೋಡಿ.