ಮನೆಯಲ್ಲೇ ಮಾಡ್ಯುಲರ್ ಸಿಂಥಸೈಜರ್ ಕಟ್ಟೋಕೆ ಎಲ್ಲಿಂದ ಶುರು ಮಾಡಬೇಕು?

ಮಾಡ್ಯುಲರ್ ಸಿಂಥಸೈಜರ್ ಅಂದರೆ ಬೇರೆ ಬೇರೆ ಘಟಕಗಳನ್ನು (ಮಾಡ್ಯೂಲ್) ತಂತಿಯಿಂದ ಜೋಡಿಸಿ ಸದ್ದು ಹುಟ್ಟಿಸೋ ಎಲೆಕ್ಟ್ರಾನಿಕ್ ವಾದ್ಯ. ಮೊದಲ ದಿನವೇ ಪೂರ್ತಿ ರ‍್ಯಾಕ್ ಕಟ್ಟೋಕೆ ಹೋಗಬೇಡಿ, ಸ್ವರ ಹುಟ್ಟಿಸೋ ಒಂದು ಸರ್ಕ್ಯೂಟ್ (ಆಸಿಲೇಟರ್) ಕೂಗಿಸಿ ಸಾಕು. ಬೇಕಾಗೋದು ಇಷ್ಟೇ: ಸಿಡಿ40106 ಚಿಪ್ (ಇದರೊಳಗಿನ ಇನ್ವರ್ಟರ್‌ಗಳು ಇನ್‌ಪುಟ್ ಏರಿದರೆ ಔಟ್‌ಪುಟ್ ಇಳಿಸುತ್ತವೆ), 0.1 ಮೈಕ್ರೋಫ್ಯಾರಡ್ ಕೆಪಾಸಿಟರ್, 10ಕೆ ರೆಸಿಸ್ಟರ್, 100ಕೆ ಪಾಟ್ (ತಿರುಗಿಸಿ ಬದಲಿಸೋ ರೆಸಿಸ್ಟರ್), 9 ವೋಲ್ಟ್ ಬ್ಯಾಟರಿ, ಬೆಸುಗೆ ಇಲ್ಲದೆ ಜೋಡಿಸೋಕೆ ಬ್ರೆಡ್‌ಬೋರ್ಡ್. ಬೆಂಗಳೂರಿನವರಾದರೆ ಎಸ್‌ಪಿ ರೋಡಲ್ಲಿ ಎಲ್ಲಾ ಸಿಗುತ್ತದೆ. ರೆಸಿಸ್ಟರ್ ಮತ್ತು ಪಾಟ್ ಸಾಲಾಗಿ ಚಿಪ್‌ನ ಒಂದು ಇನ್ವರ್ಟರ್‌ನ ಔಟ್‌ಪುಟ್‌ನಿಂದ ಅದರದೇ ಇನ್‌ಪುಟ್‌ಗೆ, ಕೆಪಾಸಿಟರ್ ಇನ್‌ಪುಟ್‌ನಿಂದ ಗ್ರೌಂಡ್‌ಗೆ. ಕೆಪಾಸಿಟರ್ ತುಂಬುತ್ತದೆ, ಖಾಲಿಯಾಗುತ್ತದೆ, ಆ ವೇಗವೇ ನಿಮಗೆ ಕೇಳೋ ಸ್ವರ. ಪಾಟ್ ತಿರುಗಿಸಿದರೆ ಸ್ವರ ಏರುತ್ತದೆ, ಇಳಿಯುತ್ತದೆ. ಒಂದೇ ಚಿಪ್‌ನಲ್ಲಿ ಇಂಥ ಆರು ಆಸಿಲೇಟರ್ ಆಗುತ್ತವೆ! ಬಳಸದ ಇನ್‌ಪುಟ್‌ಗಳನ್ನು ಗ್ರೌಂಡ್‌ಗೆ ಸೇರಿಸಿ, ನಾನು ಮರೆತು ಒಂದಿಡೀ ಸಂಜೆ ವಿಚಿತ್ರ ಕಿರಿಕಿರಿ ಸದ್ದಿನ ಮೂಲ ಹುಡುಕಿದ್ದೆ.

ಕೀಬೋರ್ಡಿಗೆ ಶ್ರುತಿ ಕೂಡಬೇಕು ಅಂದರೆ ಮಾತ್ರ ಕಷ್ಟ. ಅಲ್ಲಿ ವೋಲ್ಟೇಜ್ 1 ವೋಲ್ಟ್ ಏರಿದರೆ ಸ್ವರ ಒಂದು ಸ್ಥಾಯಿ ಏರಬೇಕು, ಅದನ್ನು ಮಾಡೋ ಟ್ರಾನ್ಸಿಸ್ಟರ್ ಜೋಡಿ ಕೋಣೆ ಬಿಸಿಯಾದರೆ ಶ್ರುತಿ ತಪ್ಪುತ್ತದೆ. ಹಾಗಾಗಿ ಆ ಆಸಿಲೇಟರನ್ನು ಕೊನೆಗೆ ಇಟ್ಟುಕೊಳ್ಳಿ, ಅದಕ್ಕೂ ಮೊದಲು ಸದ್ದುಗಳನ್ನು ಬೆರೆಸೋ ಮಿಕ್ಸರ್, ಸದ್ದಿನ ಬಣ್ಣ ಬದಲಿಸೋ ಫಿಲ್ಟರ್ ಮಾಡಿ.

ಯುರೋರ‍್ಯಾಕ್‌ಗೆ (ಮಾಡ್ಯೂಲ್‌ಗಳ ಒಂದು ಜನಪ್ರಿಯ ಮಾದರಿ) ಪ್ಲಸ್ 12, ಮೈನಸ್ 12 ವೋಲ್ಟ್ ಬೇಕು. ಮಾಡ್ಯೂಲ್‌ಗೆ ವಿದ್ಯುತ್ ಕೊಡೋ ರಿಬ್ಬನ್ ಕೇಬಲ್‌ನ ಕೆಂಪು ಗೆರೆ ಸಾಮಾನ್ಯವಾಗಿ ಮೈನಸ್ 12 ವೋಲ್ಟ್ ಕಡೆಗೆ. ಉಲ್ಟಾ ಚುಚ್ಚಿದರೆ ಚಿಪ್ ಸುಟ್ಟುಹೋಗಬಹುದು. 230 ವೋಲ್ಟ್ ಇರೋ ಪವರ್ ಸಪ್ಲೈಯನ್ನು ಮಾತ್ರ ಸಿದ್ಧವಾಗಿರೋದನ್ನೇ ಕೊಳ್ಳಿ.